ಹೂಂ ಅನ್ನುವವರು ಇಬ್ಬರಿದ್ದರೆ

ಎಲ್ಲಿಂದ ಶುರುಮಾಡಲಿ? ಕಾಡಿನಿಂದ ಶುರುಮಾಡಿದರೆ ಅಜ್ಜಿಕತೆಯಾಗುತ್ತದೆ, ಮೀಟಿಂಗಿನಿಂದ ಶುರುಮಾಡಿದರೆ ನೀವು ಆಕಳಿಸುತ್ತೀರಿ. ಮೊದಲ ಡ್ರಾಫ್ಟಿನಲ್ಲಿ ಮಂಜು, ಚಂದ್ರ, ಗೂಬೆ ಎಲ್ಲ ವಿಪರೀತವಾಯಿತೆಂದು ಹರಿದುಹಾಕಿದೆ. (ಗೂಬೆ ಮಾತ್ರ ಚೆನ್ನಾಗಿತ್ತು.) ಒಂದು ಗುಂಡಿಯಿಂದ ಶುರುಮಾಡುತ್ತೇನೆ.

೧.
ಗುಂಡಿಯ ಮೇಲೆ ‘ಹೂಂ’ ಎಂದು ಬರೆದಿದೆ. ನನ್ನ ಕತೆಯ ಹುಡುಗಿ ಮೂರು ವರ್ಷದಿಂದ ಬರೆಯುತ್ತಿರುವ ವಿಡಿಯೋ ಗೇಮಿನಲ್ಲಿ ದಾರಿಹೋಕನೊಬ್ಬ ಒಂಟಿಯಾಗಿ ಕಾಡು ದಾಟಬೇಕು. ಅಲ್ಲಿ ರಾಕ್ಷಸರಿದ್ದಾರೆ, ಮಾತಾಡುವ ಬಾವಿಯಿದೆ, ಗುಡಿಸಲಲ್ಲೊಬ್ಬಳು ಮುದುಕಿ. ಏಳು ಬಾಗಿಲಿನ ಮರದ ಕತೆ ಹೇಳುತ್ತಾಳೆ. ಹೂಂ ಒತ್ತಿದರೆ ಮುಂದಿನ ಮಾತು, ಒತ್ತದಿದ್ದರೆ ಬಾಯಿ ಹೊಲಿದುಕೊಂಡು ಕೂರುತ್ತಾಳೆ. ಕಾಡಿನಾಚೆಗಿನ ದಾರಿ ಆ ಕತೆಯೊಳಗೇ ಇದೆ.

ಆ ಹುಡುಗಿಯ ಅಜ್ಜಿಯೂ ಹಾಗೆಯೇ. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ, ಹೂಂಗುಟ್ಟಿದಷ್ಟೂ ಕತೆ.

೨.
ಅವಳ ಆಫೀಸಿನ ಮುಖ್ಯಸ್ಥನಿಗೆ ಎಲ್ಲವೂ ‘ನೆಕ್ಸ್ಟ್ ಲೆವೆಲ್’ ಆಗಬೇಕು. ಹಾಗಾಗಿ ಬೆನ್ನ ಹಿಂದೆ ಅವನು ಲೆವೆಲ್ ಸರ್.

“ಮಲ್ಟಿಪ್ಲೇಯರ್ ಮಾಡೋಣ. ನಾಲ್ಕು ಜನ ಒಟ್ಟಿಗೆ ನುಗ್ಲಿ. ನಿನ್ನ ಮುದುಕಿ ಒಬ್ಬಳೇ ಅಡ್ಡ. ಮೂರು ಜನ ಹೊಡೆದಾಡ್ತಿರುವಾಗ ಇನ್ನೊಬ್ಬ ಹೂಂ ಅಂತ ಕೂರೋಕಾಗುತ್ತಾ?”

“ಕತೆ ಕೇಳೋದು ಒಬ್ಬರ ಕೆಲಸ, ಸರ್.”

“ಯಾರು ಹೇಳಿದ್ದು?”

“ಅಜ್ಜಿ ಕತೆ ನಾನೊಬ್ಬಳೇ ಕೇಳಿದೀನಲ್ಲ.”

(ಈ ಉತ್ತರ ನೆನಪಿರಲಿ. ಇದು ತಪ್ಪು.)

“ನಾಲ್ಕು ಗಂಟೆಗೆ ಬಂದು ಹೇಳು. ಒಗ್ಗೋದಾದ್ರೆ ಹೇಗೆ ಅಂತ ತೋರಿಸು. ಇಲ್ಲಾಂದ್ರೆ ಮುದುಕೀನ ಎತ್ತಿಬಿಡ್ತೀನಿ.”

೩.
ಇಲ್ಲಿ ನಾನು ಅವಳಿಂದ ರಾಜೀನಾಮೆ ಕೊಡಿಸಿದ್ದೆ. ಬಾಗಿಲು ದಢಾರನೆ ಹಾಕಿಸಿಯೂ ಇದ್ದೆ. ಅವಳು ಒಪ್ಪಲಿಲ್ಲ.

“ನಿನಗೇನಮ್ಮ, ಬರೆದು ಎದ್ದು ಹೋಗ್ತೀಯ. ಗುಡಿಸಲಲ್ಲಿ ಮುದುಕಿ ಕಾಯ್ತಿರ್ತಾಳೆ. ಸುಮ್ನೆ ನಮ್ಮಕ್ಕನ್ನ ಕರೆಸು.”

ಕರೆಸಿದೆ. (ಪಾತ್ರಗಳಿಗೆ ಸಲುಗೆ ಕೊಟ್ಟರೆ ಇದೇ ಗತಿ.)

೪.
ಅಕ್ಕನಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಜೇಬಲ್ಲಿ ಬೆರಳುದ್ದದ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಬಂದಳು. ಪರೀಕ್ಷೆಗೆಂದು ಇಬ್ಬರು ದಾರಿಹೋಕರನ್ನು ಗುಡಿಸಲಿನಲ್ಲಿ ಕೂರಿಸಿದರು. ಇಬ್ಬರೂ ಹೂಂ ಒತ್ತಿದರು. ಮುದುಕಿಯ ಮಾತು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಯಿತು.

“ನಿಲ್ಲೇ! ಒಬ್ಬರೇ ಒತ್ತಬೇಕು.”

“ಯಾಕೆ? ಅಜ್ಜಿ ಹತ್ರ ಇಬ್ಬರೂ ಅಂತಿದ್ವಲ್ಲ.”

“ಅಜ್ಜಿ ಹತ್ರ ಇದ್ದಿದ್ದು ನಾನೊಬ್ಬಳೇ.”

ಅಕ್ಕ ಕನ್ನಡಕ ಹಣೆಗೇರಿಸಿದಳು. “ಹಾಗಾದ್ರೆ ನಿನ್ನ ಬೆನ್ನಿಗಂಟಿಕೊಂಡು ಮಲಗಿದ್ದು ದೆವ್ವಾನಾ? ಮೂರನೇ ಬಾಗಿಲು ದಾಟೋಷ್ಟರಲ್ಲಿ ನಿನ್ನ ಗೊರಕೆ. ಆಮೇಲೆಲ್ಲ ಹೂಂ ಅಂದಿದ್ದು ನಾನು, ಮಹಾರಾಯ್ತಿ.”

ಅವಳು ಪರದೆಯನ್ನೇ ನೋಡಿದಳು. ಮೊದಲ ಮೂರು ಬಾಗಿಲು ಅಜ್ಜಿಯವು. ಉಳಿದ ನಾಲ್ಕನ್ನು ಅವಳೇ ಕಟ್ಟಿದ್ದಳು.

“ಅಜ್ಜಿ ಮುಗಿಸಲೇ ಇಲ್ಲ ಅಂದ್ಕೊಂಡಿದ್ದೆ.”

“ಪ್ರತಿ ಸಲ ಮುಗಿಸ್ತಿದ್ಲು. ನೀನು ಯಾವತ್ತೂ ನನ್ನ ಕೇಳಲಿಲ್ಲ.”

೫.
ನಾಲ್ಕು ಗಂಟೆ.

“ಒಗ್ಗುತ್ತೆ, ಸರ್. ನಾಲ್ಕು ಜನಕ್ಕಲ್ಲ, ಇಬ್ಬರಿಗೆ. ಗುಡಿಸಲಲ್ಲಿ ಅರ್ಧ ಕತೆಗೆ ಒಬ್ಬರಿಗೆ ನಿದ್ದೆ ಹತ್ತುತ್ತೆ, ಪರದೆ ಕಪ್ಪಾಗುತ್ತೆ. ಯಾರಿಗೆ ಅಂತ ಮೊದಲೇ ಗೊತ್ತಾಗಲ್ಲ. ಉಳಿದ ಕತೆ ಎಚ್ಚರ ಇದ್ದವರ ಹತ್ರ ಮಾತ್ರ. ದಾರಿ ಬೇಕಾದ್ರೆ ಬಾಯಿಬಿಟ್ಟು ಕೇಳಬೇಕು.”

“ಅವರು ಸುಳ್ಳು ಹೇಳಿದ್ರೆ?”

“ಹೇಳಲಿ. ಹೂಂ ಅನ್ನಬೇಕಾ ಬೇಡವಾ ಅಂತ ನಿದ್ದೆ ಹೋದವರು ಯೋಚಿಸಲಿ.”

ಲೆವೆಲ್ ಸರ್ ಬಾಯಿ ತೆರೆದ.

ಮುಗಿವು ಒಂದು: “ಮಾಡು” ಎಂದ. ಮುಗಿವು ಎರಡು: “ಇಬ್ಬರು ಅಂದ್ರೆ ಮಲ್ಟಿ ಅಲ್ಲ” ಎಂದ. ಮುಗಿವು ಮೂರರಲ್ಲಿ ಆ ಗೂಬೆಯನ್ನು ಕಿಟಕಿಗೆ ತಂದು ಕೂರಿಸೋಣವೆಂದಿದ್ದೆ. ಆದರೆ ಅವಳು ಉತ್ತರಕ್ಕೆ ಕಾಯದೆ ಹೊರಗೆ ಹೋಗಿಬಿಟ್ಟಿದ್ದಾಳೆ. ಅಲ್ಲಿ ಅಕ್ಕ ಯಾರದೋ ಕನ್ನಡಕದ ತಿರುಪು ಬಿಗಿಮಾಡುತ್ತಿದ್ದಾಳೆ.

“ಅಕ್ಕಾ, ನಾಲ್ಕನೇ ಬಾಗಿಲ ಹಿಂದೆ ಏನಿತ್ತೇ?”

“ಹೂಂ ಅಂತೀಯಾ, ಮತ್ತೆ ಮಲಗ್ತೀಯಾ?”

“ಅಂತೀನಿ.”

ಅಕ್ಕ ಹೇಳಿದಳು, ಏಳನೇ ಬಾಗಿಲಿನವರೆಗೂ. ಏನೆಂದು ನನ್ನನ್ನು ಕೇಳಬೇಡಿ. ಬರೆಯುತ್ತ ಬರೆಯುತ್ತ ನನಗೇ ಕಣ್ಣೆಳೆದುಬಿಟ್ಟಿತು. ನೀವು ಎಚ್ಚರವಾಗಿದ್ದಿರಲ್ಲ, ಹೇಳಿ.

ಹೂಂ.