ಟ್ಯಾಂಕ್ ನೆಟ್ಟಗಿದ್ದರೆ ಆಟವೂ ನೆಟ್ಟಗೆ

ಗನ್ ಒಂದೇ. ಆದರೆ ಒಂದು ಗುಂಡು ಕಾಲ ಬುಡದಲ್ಲೇ ಬೀಳುತ್ತದೆ, ಇನ್ನೊಂದು ಮೈ ಕಂದುವಂತೆ ಬಡಿಯುತ್ತದೆ. ಬಣ್ಣ ತುಂಬಿದ ಗುಂಡುಗಳನ್ನು ಹೊಡೆದಾಡುವ ಪೇಂಟ್‌ಬಾಲ್ ಆಟ ಆಡಿಸುವವರಿಗೆಲ್ಲ ಗೊತ್ತಿರುವ ಗೋಳು ಇದು.

ಊರಂಚಿನಲ್ಲಿ ಅಂಥದೊಂದು ಮೈದಾನವನ್ನು ಒಂದೇ ಮನೆಯವರು ನಡೆಸುತ್ತಿದ್ದರು. ಸೊಸೆ ಅಂಪೈರ್. ಗನ್‌ಗಳ ಉಸ್ತುವಾರಿ ಮಾವನದು. ಮೊದಲು ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವರನ್ನು ಎಲ್ಲರೂ ‘ಕಿಡಿ ತಾತ’ ಎನ್ನುತ್ತಿದ್ದರು.

ಅವತ್ತು ಬೆಳಗಿನ ಆಟದಿಂದ ಮೊಮ್ಮಗಳು ಕುಂಟುತ್ತಾ ಬಂದಳು. ತೊಡೆಯ ಮೇಲೆ ಅಂಗೈಯಗಲ ಕಪ್ಪಗೆ ಕಂದಿತ್ತು.

“ಅಣ್ಣ ಅಟ್ಟಣೆ ಮೇಲಿಂದ ಹೊಡೆದ ಕಣಮ್ಮಾ. ನಾನಿನ್ನು ಈ ಆಟಕ್ಕೆ ಬರಲ್ಲ!”

ತಾತ ಆ ಗನ್ ಕೈಗೆತ್ತಿಕೊಂಡರು. “ಆಟ ಅಂದ್ಮೇಲೆ ಏಟು ಬೀಳ್ದೆ ಇರುತ್ತಾ? ವೇಗದ ಸ್ಕ್ರೂ ಒಂಚೂರು ತಿರುಗಿಸ್ತೀನಿ, ಸರಿಹೋಗುತ್ತೆ.”

“ತಪ್ಪು ಸ್ಕ್ರೂದಲ್ಲ ಮಾವ, ಗುಂಡು ದಬ್ಬೋ ಗ್ಯಾಸ್ ಟ್ಯಾಂಕ್ ಜೋಡಿಸಿರೋ ರೀತೀದು. ತರಬೇತೀಲಿ ಹೇಳಿಕೊಟ್ಟಿದ್ರು,” ಎಂದಳು ಸೊಸೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಟ್ಯಾಂಕ್ ಪಾಪ ಏನು ಮಾಡ್ತು? ಅದರಲ್ಲಿರೋದು ಬರೀ ಗಾಳಿ.”

ಸೊಸೆ ಬಿಡಿ ಟ್ಯಾಂಕೊಂದನ್ನು ಅವರ ಕೈಗಿತ್ತಳು. “ಮೆಲ್ಲಗೆ ಅಲ್ಲಾಡಿಸಿ ನೋಡಿ.”

ಒಳಗೆ ಏನೋ ತುಳುಕಿತು. ತಾತನ ಹುಬ್ಬು ಮೇಲೇರಿತು.

“ಒಳಗಿರೋ ಕಾರ್ಬನ್ ಡೈಆಕ್ಸೈಡ್ ಒತ್ತಡಕ್ಕೆ ದ್ರವ ಆಗಿರುತ್ತೆ ಮಾವ. ಅದರ ಮೇಲೆ ಅನಿಲ. ಗನ್‌ಗೆ ಬೇಕಾಗಿರೋದು ಅನಿಲ ಮಾತ್ರ. ನಾವು ಟ್ಯಾಂಕನ್ನ ಗನ್ ಹಿಂದೆ ಅಡ್ಡಡ್ಡ ಸಿಕ್ಕಿಸಿದೀವಿ. ಅಟ್ಟಣೆಯಿಂದ ಹೊಡೆಯೋಕೆ ಗನ್ ಮೂತಿ ಕೆಳಗೆ ಮಾಡಿದ್ರೆ ದ್ರವವೇ ಗನ್ನೊಳಗೆ ಇಳಿದು, ಅಲ್ಲಿ ಒಮ್ಮೆಗೇ ಉಬ್ಬಿ, ಗುಂಡನ್ನ ಜೋರಾಗಿ ದಬ್ಬುತ್ತೆ. ಬಿಡುವಿಲ್ದೆ ಹೊಡೀತಾ ಹೋದ್ರೆ ಟ್ಯಾಂಕ್ ತಣ್ಣಗಾಗಿ ಒತ್ತಡ ಇಳಿಯುತ್ತೆ. ಆಗ ಗುಂಡು ಕಾಲ ಬುಡಕ್ಕೆ!”

ತಾತ ಒಪ್ಪಲಿಲ್ಲ. ಇಬ್ಬರೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಗುಂಡಿನ ವೇಗ ಅಳೆಯುವ ಯಂತ್ರದ ಮುಂದೆ ನಿಂತರು. ಗನ್ ಸಮವಾಗಿ ಹಿಡಿದು ಹೊಡೆದಾಗ ವೇಗ ಮಿತಿಯೊಳಗಿತ್ತು. ಸೊಸೆ ಮೂತಿಯನ್ನು ಸ್ವಲ್ಪ ಹೊತ್ತು ಕೆಳಗೆ ಮಾಡಿ, ಮತ್ತೆ ಎತ್ತಿ ಹೊಡೆದಳು. ಮೂತಿಯಿಂದ ಬಿಳಿ ಹೊಗೆ ಭುಸ್ಸೆಂದಿತು. ವೇಗ ಮಿತಿ ದಾಟಿತ್ತು.

“ನಿಮ್ಮ ಅಂಗಡೀಲಿ ಗ್ಯಾಸ್ ಸಿಲಿಂಡರ್ ಮಲಗಿಸಿ ಕೆಲಸ ಮಾಡ್ತಿದ್ರಾ ಮಾವ?”

“ನಂಗೇನು ತಲೆ ಕೆಟ್ಟಿತ್ತಾ? ನೆಟ್ಟಗೆ ನಿಲ್ಲಿಸಿ ಸರಪಳಿ ಬಿಗೀತಿದ್ದೆ…” ಬಿಡಿ ಟ್ಯಾಂಕನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ತಾತ ಮೊಮ್ಮಗಳ ಕಡೆ ನೋಡಿದರು. ಅವಳು ತೊಡೆಗೆ ಐಸ್ ಒತ್ತಿಕೊಂಡು ಕೂತಿದ್ದಳು. “ಹೇಳು ತಾಯಿ, ಈಗೇನು ಮಾಡೋಣ?”

“ಟ್ಯಾಂಕಿನಿಂದ ಗನ್‌ಗೆ ಒತ್ತಡ ತಾಳೋ ಪೈಪ್ ಹಾಕಿಸೋಣ. ಟ್ಯಾಂಕ್ ಗನ್ ಮೇಲೆ ಬೇಡ, ಸೊಂಟದ ಚೀಲದಲ್ಲಿರಲಿ. ವಾಲ್ವ್ ಮೇಲ್ಗಡೆ ಇದ್ರೆ ಅನಿಲ ಮಾತ್ರ ಬರುತ್ತೆ.”

ಮುಂದಿನ ವಾರದ ಆಟದ ಹೊತ್ತಿಗೆ ಎಲ್ಲ ಗನ್‌ಗಳಿಗೂ ಪೈಪ್ ಬಂದಿತ್ತು. ತಾತ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಸೊಂಟದ ಚೀಲದ ಪಟ್ಟಿಯನ್ನೂ ತಾವೇ ಬಿಗಿದರು, ಪ್ರತಿ ಗನ್ನಿನ ವೇಗ ಅಳೆದರು. ಮೊಮ್ಮಗಳು ಅಳುಕುತ್ತಲೇ ಒಳಗೆ ಹೋದಳು. ತುಸು ಹೊತ್ತಿಗೆ ಅಟ್ಟಣೆಯಿಂದ ಬಂದ ಗುಂಡು ಅವಳ ಭುಜಕ್ಕೆ ಬಡಿದು ಒಡೆಯಿತು.

“ತಾತಾ, ಬರೀ ಬಣ್ಣ!” ಎಂದು ಕೂಗಿದಳು. “ಈಗ ಅಣ್ಣನಿಗಿದೆ ನೋಡಿ!”

ನೀವೂ ಪೇಂಟ್‌ಬಾಲ್ ಆಡುತ್ತೀರಾ, ಆಡಿಸುತ್ತೀರಾ? ಹಾಗಾದರೆ ಟ್ಯಾಂಕನ್ನು ವಾಲ್ವ್ ಮೇಲಿರುವಂತೆ ನಿಲ್ಲಿಸಿ. ಬಿಸಿಲಿನಲ್ಲಿ ಬಿಡಬೇಡಿ, ಅಳತೆ ಮೀರಿ ತುಂಬಿಸಬೇಡಿ. ಟ್ಯಾಂಕ್ ಬಿಚ್ಚುವಾಗ ವಾಲ್ವೇ ಸಡಿಲವಾಗಿ ತಿರುಗತೊಡಗಿದರೆ ತಕ್ಷಣ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ. ಅದು ಸಿಡಿದರೆ ಪ್ರಾಣಕ್ಕೇ ಸಂಚಕಾರ. ಟ್ಯಾಂಕ್ ಬದಲಿಸಿದಾಗಲೆಲ್ಲ ವೇಗ ಅಳೆಯಿರಿ. ಮೈದಾನದಲ್ಲಿ ಇರುವಷ್ಟು ಹೊತ್ತೂ ಮಾಸ್ಕ್ ತೆಗೆಯಬೇಡಿ. ಎದುರಿಗಿರುವವರು ವೈರಿಗಳಲ್ಲ, ನಮ್ಮವರೇ.