ಕುಂಟೆಬಿಲ್ಲೆಯ ಪಕ್ಕದ ಕೊಡ

ಹೆಗ್ಗನಹಳ್ಳಿಯ ಆ ವಠಾರದಲ್ಲಿ ಆರು ಮನೆಗೆ ಒಂದೇ ನಲ್ಲಿ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಹತ್ತರ ಸುಮಾರಿಗೆ ನೀರು ಬರುತ್ತಿತ್ತು. ಪ್ರತಿ ಮನೆಗೂ ಕಾಲು ಗಂಟೆಯ ಸರದಿ. ಆ ಹೊತ್ತಿಗೆ ಮನೆಯವರು ಯಾರೂ ನಲ್ಲಿಯ ಬಳಿ ಇಲ್ಲದಿದ್ದರೆ ಸರದಿ ಪಕ್ಕದ ಮನೆಗೆ ಹೋಯಿತೆಂದೇ ಅರ್ಥ. ಇದರಲ್ಲಿ ದಯೆ ದಾಕ್ಷಿಣ್ಯವೆಲ್ಲ ಇಲ್ಲ.

೨೦೦೬ರ ದಸರಾ ರಜೆ. ಬಸ್ ಕಂಡಕ್ಟರ್ ಮಧುಕುಮಾರ್ ರಾತ್ರಿ ಪಾಳಿ ಮುಗಿಸಿ ಬಂದವನು, ಐದು ವರ್ಷದ ಮಗಳು ಸ್ಪಂದನಳಿಗೆ, "ನೀರು ಬಂದ ತಕ್ಷಣ ನನ್ನ ಎಬ್ಬಿಸು, ಮರೀಬೇಡ" ಎಂದು ಹೇಳಿ ಮಲಗಿದ. ಹೆಂಡತಿ ಚೇತನಾ ಆಗಲೇ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿಯಾಗಿತ್ತು. ಸ್ಪಂದನ ಹೂಂ ಎಂದಳು. ಆಮೇಲೆ ಅಂಗಳದಲ್ಲಿ ಕುಂಟೆಬಿಲ್ಲೆ ಶುರುವಾಯಿತು.

ಅವನು ಎದ್ದಾಗ ಹನ್ನೆರಡೂವರೆ. ಡ್ರಮ್ಮು ಖಾಲಿ.

"ಒಂದೇ ಒಂದು ಮಾತು ಹೇಳಿದ್ದೆ. ಅದೂ ನೆನಪಿಟ್ಕೊಳ್ಳೋಕಾಗಲ್ವಾ ನಿಂಗೆ?"

"ಆಟ ಆಡ್ತಿದ್ದೆ ಅಪ್ಪ..."

ಕೆನ್ನೆಗೆ ಏಟು ಬಿತ್ತು, ಜೋರಾಗಿಯೇ ಬಿತ್ತು. ಮಗು ಅಳಲಿಲ್ಲ. ಕೈಯಲ್ಲಿದ್ದ ಬಿಲ್ಲೆಯನ್ನು ಬಿಗಿಯಾಗಿ ಹಿಡಿದು ನಿಂತಳು.

ವಠಾರದ ಒಡತಿ ಚಿಕ್ಕಲಕ್ಷ್ಮಮ್ಮ ಜಗಲಿಯಿಂದ ನೋಡಿದರು. "ಕೂಸನ್ನ ಯಾಕಪ್ಪ ಹಂಗೆ ಹೊಡೀತೀಯ?"

"ಮೂರು ದಿನ ನೀರಿಗೆ ಏನ್ ಮಾಡ್ಲಿ ಅಜ್ಜಿ? ಈಗ ಕಲೀದೆ ಇನ್ಯಾವಾಗ ಕಲಿಯೋದು? ನಮ್ಮಪ್ಪನೂ ಹೊಡೆದೇ ನನ್ನ ತಿದ್ದಿದ್ದು."

"ನಾನೂ ಚಿಕ್ಕೋಳಿದ್ದಾಗ ಹಸುಗೆ ಕಲಗಚ್ಚು ಇಡೋದು ಮರೀತಿದ್ದೆ. ನಮ್ಮಪ್ಪ ಹೊಡೀಲಿಲ್ಲ. ನಾನು ಆಡೋ ಜಾಗದಲ್ಲೇ ಬಕೆಟ್ ತಂದಿಟ್ಬಿಡೋರು. ಕಾಲಿಗೆ ತಗುಲಿದ್ರೆ ಹಸು ನೆನಪಾಗೋದು." ಅಷ್ಟು ಹೇಳಿ ಅವರು ಎರಡು ಕೊಡ ನೀರು ಕೊಟ್ಟು ಕಳಿಸಿದರು.

ಮರುದಿನ ನೀರಿನ ದಿನವಲ್ಲ. ಮಧುಕುಮಾರ್ ಕೆಲಸದಿಂದ ಬಂದಾಗ ಸ್ಪಂದನ ತಂಬಿಗೆ ಹಿಡಿದು ಒಣ ನಲ್ಲಿಯ ಮುಂದೆ ಕುಳಿತಿದ್ದಳು. ಗೆಳತಿಯರು ಕರೆದರೂ ಏಳುತ್ತಿರಲಿಲ್ಲ.

"ಇವತ್ತು ನೀರು ಬರಲ್ಲ ಪುಟ್ಟಿ. ಹೋಗು, ಆಡ್ಕೋ."

"ಬೇಡ. ಆಟ ಆಡಿದ್ರೆ ಮರ್ತೋಗುತ್ತೆ."

ಅವನು ಅವಳ ಪಕ್ಕದಲ್ಲೇ ಕುಳಿತ. ಬಣ್ಣದ ಪೆನ್ಸಿಲ್ ತರುತ್ತೇನೆಂದು ರಜೆ ಶುರುವಾದಾಗಿನಿಂದ ಅವನು ನಾಲ್ಕು ಸಲ ಮಾತು ಕೊಟ್ಟಿದ್ದ, ನಾಲ್ಕು ಸಲವೂ ಮರೆತಿದ್ದ. ಪ್ರತಿ ಸಲವೂ ಇವಳು "ಪರ್ವಾಗಿಲ್ಲ, ನಾಳೆ ತಗೊಂಬಾ" ಎಂದಿದ್ದಳು. ಮೂವತ್ತೆರಡು ವರ್ಷದ ತನಗೇ ಇಲ್ಲದ ನೆನಪನ್ನು ಈ ಕೂಸಿನಿಂದ ಕೇಳಿದೆನಲ್ಲ ಎಂದು ನಾಚಿಕೆಯಾಯಿತು. ಅಂದು ಅವನಿಗೆ ನಿದ್ದೆ ಹತ್ತಲಿಲ್ಲ.

ನೀರಿನ ದಿನ ಬಂದಾಗ ಅವನೇ ಕೊಡವನ್ನು ತಂದು ಕುಂಟೆಬಿಲ್ಲೆಯ ಗೆರೆಯ ಪಕ್ಕದಲ್ಲಿಟ್ಟ. "ನೀನು ಆಡಮ್ಮ. ಇದು ಕಣ್ಣಿಗೆ ಬಿದ್ದಾಗೆಲ್ಲ ಒಂದ್ಸಲ ನಲ್ಲಿ ಕಡೆ ನೋಡು. ಮರೆತ್ರೂ ಹೊಡೆಯಲ್ಲ. ಅವತ್ತು ಹೊಡೆದಿದ್ದು ನಂದೇ ತಪ್ಪು."

ಹತ್ತು ಗಂಟೆಗೆ ಯಾರೋ ಹೊದಿಕೆ ಎಳೆದರು. "ಅಪ್ಪ, ನೀರು ಬಂತು."

ಡ್ರಮ್ಮು ತುಂಬಿದ ಮೇಲೆ ಅವಳು ಕೇಳಿದಳು, "ಪೆನ್ಸಿಲ್ ನೆನಪಾಗೋಕೆ ನಿಂಗೆ ಏನಿಡೋದು?" ಉತ್ತರಕ್ಕೆ ಕಾಯದೆ ತನ್ನ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಅವನ ಟಿಕೆಟ್ ಚೀಲಕ್ಕೆ ಕಟ್ಟಿದಳು.

"ಏನ್ ಗುರು, ಬ್ಯಾಗಿಗೆ ಶೃಂಗಾರ?" ಎಂದು ಡ್ರೈವರ್ ನಕ್ಕ. "ಮಗಳು ಕಟ್ಟಿದ್ದು. ನಂಗೆ ಮರೆವು ಜಾಸ್ತಿ" ಎಂದ ಮಧುಕುಮಾರ್. ಸಂಜೆಯ ಟ್ರಿಪ್ಪು ಮುಗಿದೊಡನೆ ಅಂಗಡಿಗೆ ಹೋಗಿ ಹನ್ನೆರಡು ಬಣ್ಣದ ಡಬ್ಬಿ ಕೊಂಡ.

ಬೆಳಿಗ್ಗೆ ಡಬ್ಬಿ ತೆರೆದು ಒಂದೊಂದೇ ಬಣ್ಣ ನೋಡುತ್ತಿದ್ದ ಸ್ಪಂದನ ತಲೆ ಎತ್ತದೆಯೇ ಹೇಳಿದಳು, "ನೀನು ಮರ್ತಿದ್ರೂ ನಾನು ಹೊಡೀತಿರ್ಲಿಲ್ಲ ಅಪ್ಪ."

ಸ್ವಲ್ಪ ಹೊತ್ತಿನ ಮೇಲೆ ಅವಳು ಚೀಲದ ರಿಬ್ಬನ್ ಬಿಚ್ಚಲು ಬಂದಾಗ ಆ ಪುಟ್ಟ ಕೈಯನ್ನು ಹಿಡಿದುಕೊಂಡ.

"ಅದು ಅಲ್ಲೇ ಇರ್ಲಿ ಬಿಡಮ್ಮ" ಎಂದ.