ಬಲಗಾಲ ಬೂಟು

ಅಂಬಣ್ಣ ಸತ್ತು ಮೂರು ತಿಂಗಳಾಗಿತ್ತು, ಹಂಪಮ್ಮ ಇನ್ನೂ ಅತ್ತಿರಲಿಲ್ಲ. ಅಳಬಾರದೆಂದು ಹಟ ಹಿಡಿದವಳೇನಲ್ಲ. ಬರಲಿಲ್ಲ, ಅಷ್ಟೆ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದಾಗ ಜೋಮು ಹಿಡಿದು, ಚಿವುಟಿದರೂ ಬೇರೆ ಯಾರದೋ ಕಾಲು ಚಿವುಟಿದಂತೆ ಇರುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು. ಪಕ್ಕದ ಖೋಲಿಯ ಸಾಬಮ್ಮ ದಿನಾ ಬಂದು, "ಒಮ್ಮಿ ಬಾಯಿ ತೆಗದು ಅತ್ತುಬಿಡವಾ, ಇಲ್ಲಂದ್ರ ಎದಿಯಾಗ ಕಲ್ಲಾಗತೈತಿ" ಅನ್ನುತ್ತಿದ್ದಳು. ಹಂಪಮ್ಮ "ಹೂಂ" ಎಂದು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಮಾತ್ರ ಮೊದಲಿನಷ್ಟೇ ದುಂಡಗೆ ಬರುತ್ತಿತ್ತು.

ಗಂಡ ಹೆಂಡತಿ ಇಬ್ಬರೂ ಯಾದಗಿರಿ ಕಡೆಯವರು. ಇಪ್ಪತ್ತು ವರ್ಷದ ಹಿಂದೆ ಕೊಂಡಾಪುರದ ಕಟ್ಟಡಗಳಿಗೆ ಕಾಂಕ್ರೀಟು ಹೊರಲು ಬಂದವರು, ಸಿಕಂದರಾಬಾದಿನ ಆಚೆಯ ಈ ಗಾಲ್ಫ್ ಮೈದಾನಕ್ಕೆ ನೀರಿನ ಪೈಪು ಹೂಳುವ ಕೆಲಸಕ್ಕೆ ಸೇರಿ ಇಲ್ಲೇ ಉಳಿದುಬಿಟ್ಟಿದ್ದರು. ಅವಳು ಕಳೆ ಕೀಳುವ ಹೆಂಗಸರ ಗುಂಪಿಗೆ ಸೇರಿದಳು, ಅವನು ಕ್ಯಾಡಿಯಾದ. ಆಡುವವರ ಕೋಲುಗಳ ಚೀಲ ಹೊರುವುದು, ಚೆಂಡು ಎಲ್ಲಿ ಬಿತ್ತೆಂದು ಹುಡುಕುವುದು, ಯಾವ ಹೊಡೆತಕ್ಕೆ ಯಾವ ಕೋಲೆಂದು ಕೈಗೆ ಕೊಡುವುದು, ಇದು ಕ್ಯಾಡಿಯ ಕೆಲಸ. ನೋಡುವವರ ಕಣ್ಣಿಗೆ ಹಮಾಲಿ. ಆದರೆ ಅಂಬಣ್ಣ ತನ್ನನ್ನು ಮಾಸ್ತರನೆಂದೇ ತಿಳಿದಿದ್ದ. ಮೈದಾನದಲ್ಲಿ ಕೇಳಿದರಷ್ಟೇ ಬಾಯಿ ಬಿಡಬೇಕೆಂಬ ಕಟ್ಟಳೆ ಇತ್ತು. ಹಾಗಾಗಿ ಹಗಲೆಲ್ಲ ತಡೆದಿಟ್ಟುಕೊಂಡ ಉಪದೇಶವನ್ನು ಉಣ್ಣುವ ಹೊತ್ತಿಗೆ ಹೆಂಡತಿಯ ಮೇಲೆ ಸುರಿಯುತ್ತಿದ್ದ.

"ಕೋಲನ್ನ ರೊಟ್ಟಿ ಹಿಟ್ಟು ಹಿಡಿದಂಗ ಹಿಡೀಬೇಕು ನೋಡು. ಬಿಗಿ ಹಿಡಿದ್ರ ಬಿರಿತೈತಿ, ಸಡ್ಲ ಬಿಟ್ರ ಜಾರತೈತಿ. ಹೊಸಬರಿಗೆ ಚೀಲದಾಗ ಹದಿನಾಲ್ಕು ಕೋಲು ಯಾಕ ಬೇಕು? ಏಳು ಸಾಕು. ಹೊಸ ಕೋಲು ಕೊಂಡ್ರ ಹಳೇ ಕೈ ಬದಲಾಗತೈತೇನು? ಎಲ್ಲಾರೂ ದೂರ ಹೊಡಿಯೂದೇ ಪ್ರಾಕ್ಟೀಸ್ ಮಾಡ್ತಾರ. ದೂರ ಹೋದ ಚೆಂಡು ಕಡೀಕೆ ಕುಳಿಗೆ ಬೀಳಬೇಕಲ್ಲ? ಅರ್ಧ ಹೊತ್ತು ಕುಳಿ ಮುಂದ ನಿಂತು ಮೆಲ್ಲಕ ತಳ್ಳೂದು ಕಲೀಬೇಕು. ಚೆಂಡು ಹುಲ್ಲಾಗ ಸಿಕ್ಕೊಂಡ್ರ ಶೂರತನ ಬ್ಯಾಡ. ಗಿಡ್ಡ ಕೋಲು ತಗೊಂಡು ಅಡ್ಡಕ್ಕ ಹೊಡದು ದಾರಿಗೆ ಬರಬೇಕು. ಒಂದು ಹೊಡೆತ ಹೋದ್ರೂ ಮಾನ ಉಳೀತೈತಿ. ಕಿತ್ತ ಮಣ್ಣು ಮುಚ್ಚಬೇಕು. ಹಿಂದಿನವ್ರನ್ನ ಕಾಯಿಸಬಾರದು."

"ಉಣ್ಣು, ಆರತೈತಿ" ಅನ್ನುತ್ತಿದ್ದಳು ಹಂಪಮ್ಮ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಅಂಬಣ್ಣ ಹಣೆ ಬಡಿದುಕೊಳ್ಳುತ್ತಿದ್ದ. ಅವನಿಗೇನು ಗೊತ್ತು, ಕೇಳದವಳಂತೆ ಕೂತವಳ ಕಿವಿಯಲ್ಲಿ ಅಷ್ಟೂ ಮಾತು ಒಂದೂ ಬಿಡದಂತೆ ಇಳಿದಿತ್ತು.

ಮಾಘದ ಒಂದು ಮಧ್ಯಾಹ್ನ, ಬಾಲಾನಗರದ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಊರಿಗೆ ಒಯ್ದು ಮಣ್ಣು ಕೊಟ್ಟರು. ಅವರ ಓಣಿಯಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಹಂಪಮ್ಮನ ಪಾಲಿನ ಹಿಡಿ ಮಣ್ಣನ್ನು ಮೈದುನನೇ ಹಾಕಿ ಬಂದು, "ಹಾಕೀನಿ ವೈನಿ" ಎಂದ. ಅವಳು ಅದಕ್ಕೂ "ಹೂಂ" ಅಂದಳು.

ಮೈದಾನದ ಖೋಲಿ ಕ್ಯಾಡಿ ಬಿಲ್ಲೆ ಇದ್ದವರಿಗೆ ಮಾತ್ರ. ಬಿಲ್ಲೆ ಇಲ್ಲವೆಂದರೆ ಖೋಲಿ ಬಿಡಬೇಕು, ಕಳೆ ಕೀಳುವ ಕೂಲಿಯಲ್ಲಿ ಹೊರಗೆ ಬಾಡಿಗೆ ಕಟ್ಟಲಾಗದು, ಮತ್ತೆ ಕೊಂಡಾಪುರಕ್ಕೆ ಹೋಗಿ ಸಿಮೆಂಟು ಹೊರಬೇಕು. ಹಂಪಮ್ಮನ ಬಲಭುಜ ಹೊರುತ್ತಿದ್ದ ದಿನಗಳಲ್ಲೇ ಅದಕ್ಕೆ ಬೇಡವೆಂದಿತ್ತು. ಕ್ಯಾಡಿಗಳ ಮೇಲಿನವನಾದ ಸಾಯಿಕುಮಾರನಿಗೆ ಹೆಂಗಸು ಕ್ಯಾಡಿಯಾಗುವುದು ಎಲ್ಲಿಯ ಮಾತು ಅನ್ನಿಸಿತ್ತು. ಆದರೆ ಅಂಬಣ್ಣನ ಖಾಯಂ ಸಾಹೇಬರಾದ ಶ್ರೀನಿವಾಸರಾಯರೇ ಕೇಳಿದ್ದರಿಂದ, "ಒಕ ನೆಲ, ಒಂದು ತಿಂಗಳು, ನೋಡ್ತೀನಮ್ಮಾ. ನಾಲ್ಕು ಭಾನುವಾರ. ಆಮೇಲೆ ಸಾಹೇಬ್ರು ಹೌದಂದ್ರೆ ಹೌದು, ಲೇದಂಟೆ ಲೇದು" ಎಂದಿದ್ದ. ಅಂಬಣ್ಣನ ಇಪ್ಪತ್ತೇಳನೇ ನಂಬರಿನ ಹಿತ್ತಾಳೆ ಬಿಲ್ಲೆ ಸಾಯಿಕುಮಾರನ ಕೋಣೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ಶ್ರೀನಿವಾಸರಾಯರು ಕಲಬುರಗಿಯವರು. ಮೂವತ್ತನಾಲ್ಕು ವರ್ಷ ಸರ್ಕಾರಿ ಆಡಿಟ್ ಕಚೇರಿಯಲ್ಲಿ ಬೇರೆಯವರ ತಪ್ಪು ಹುಡುಕಿ ನಿವೃತ್ತರಾದವರು. ಹೆಂಡತಿ ವನಜಾ ತೀರಿಕೊಂಡ ವರ್ಷ, ಮನೆಯಲ್ಲಿ ಕೂತರೆ ಕೆಡುತ್ತೀರಿ, ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಈ ಆಟಕ್ಕೆ ಬಂದರು. ಮೊದಲ ತಿಂಗಳು ಚೆಂಡೆಲ್ಲ ಹುಲ್ಲಿನ ಪಾಲು. ಇನ್ನು ಸಾಕು, ಬರುವುದಿಲ್ಲ ಎಂದು ಅಂಬಣ್ಣನಿಗೆ ಹೇಳಿಯೂ ಆಗಿತ್ತು. ಮುಂದಿನ ಭಾನುವಾರ ಕಡೆಯದೆಂದು ಬಂದರೆ, ಏಳನೆಯ ಕುಳಿಯ ದಾರಿಯಲ್ಲಿ ಚೆಂಡು ಬೋಳು ನೆಲದ ಮೇಲೆ ಹೂವಿಟ್ಟಂತೆ ಕೂತಿತ್ತು. ಅಂದಿನಿಂದ ಹನ್ನೆರಡು ವರ್ಷ ಒಂದು ಭಾನುವಾರ ತಪ್ಪಿಸಿರಲಿಲ್ಲ. ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆದ್ದವನೆಂಬ ಈ ಆಟದಲ್ಲಿ ಅವರದು ತೊಂಬತ್ತೆರಡರ ಆಸುಪಾಸು. ಒಂದು ಹೊಡೆತವನ್ನೂ ಮುಚ್ಚಿಡುತ್ತಿರಲಿಲ್ಲ, ಗಾಳಿಗೆ ಬೀಸಿದ್ದನ್ನೂ ಗಟ್ಟಿಯಾಗಿ ಎಣಿಸುತ್ತಿದ್ದರು. ಹಿಂದಿನ ಗುಂಪನ್ನು ಕಾಯಿಸುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

ಹಂಪಮ್ಮನ ಮೂರು ಭಾನುವಾರ ಚೆನ್ನಾಗೇನೂ ಹೋಗಲಿಲ್ಲ. ತಪ್ಪು ಅವಳದಲ್ಲ. ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಇಳಿಜಾರನ್ನು ಅವಳಷ್ಟು ಚೆನ್ನಾಗಿ ಓದುವ ಕ್ಯಾಡಿ ಇರಲಿಲ್ಲ. ಕಟ್ಟಡ ಕಟ್ಟುವ ಗೌಂಡಿಗಳ ಕೈಕೆಳಗೆ ನೀರು ತುಂಬಿದ ಪೈಪು ಹಿಡಿದು ನೆಲದ ಮಟ್ಟ ನೋಡಿದವಳು. ನೀರು ಸುರಿದರೆ ಯಾವ ಕಡೆ ಹರಿಯುತ್ತದೋ ಚೆಂಡೂ ಆ ಕಡೆಗೇ ಎಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ತೊಡಕೆಲ್ಲ ಏಳನೆಯ ಕುಳಿಯ ದಾರಿಯಲ್ಲಿ. ಅಲ್ಲಿ ದಾರಿ ಹುಣಸೆಮರದ ಹತ್ತಿರ ತಿರುಗುತ್ತದೆ. ರಾಯರ ಚೆಂಡು ತಪ್ಪದೆ ಬಲಕ್ಕೆ ವಾಲಿ ಮರದಾಚೆಯ ಎತ್ತರದ ಹುಲ್ಲಿಗೆ ಬೀಳುತ್ತಿತ್ತು. ಮೂರು ಭಾನುವಾರವೂ ಅವರು ಉದ್ದ ಕೋಲಿನಿಂದಲೇ ಹುಲ್ಲು ಕೊಚ್ಚಿ ಕೊಚ್ಚಿ ಸುಸ್ತಾದರು. ತೊಂಬತ್ತೆರಡು ಹೋಗಿ ನೂರಾಮೂರಾಯಿತು, ನೂರಾಏಳಾಯಿತು.

"ಅಂಬಣ್ಣ ಇದ್ದಾಗ ಒಮ್ಮೆನೂ ಹಿಂಗ ಆಗಿದ್ದಿಲ್ಲ ಹಂಪಮ್ಮ. ಚೆಂಡು ಯಾವಾಗಲೂ ಆ ಬೋಳು ಜಾಗಕ್ಕೇ ಬಂದು ನಿಂದ್ರತಿತ್ತು" ಎಂದರು ಮೂರನೆಯ ಭಾನುವಾರ. ಬೈದು ಹೇಳಿದ್ದಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನನಗ ವಯಸ್ಸಾತೋ, ನಿನ್ನ ಕೈ ಗುಣಾನೋ. ಮುಂದಿನ ಸಲ ನೋಡೂಣು. ಆಮೇಲೆ ಸಾಯಿಕುಮಾರಗ ಏನಾರ ಹೇಳಬೇಕಲ್ಲ."

ಖೋಲಿ ಹೋಗುತ್ತದೆಂದು ಹಂಪಮ್ಮನಿಗೆ ಗೊತ್ತಾಯಿತು. ಗೊತ್ತಾದದ್ದು ತಲೆಗೆ, ಎದೆಗೆ ಏನೂ ಮುಟ್ಟಲಿಲ್ಲ. ಬೇರೆಯವರ ಮನೆಯ ಸುದ್ದಿ ಕೇಳಿದಂತೆ ಕೇಳಿದಳು.

ನಾಲ್ಕನೆಯ ಭಾನುವಾರ ಬೆಳಗಿನ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಹಿಂದೆ ಕೊಂಡಾಪುರದ ಸಾಫ್ಟ್‌ವೇರ್ ಹುಡುಗರ ನಾಲ್ವರ ಗುಂಪು. ಅವರ ಕೋಲುಗಳಿಗೆ ಇನ್ನೂ ಅಂಗಡಿಯ ಪ್ಲಾಸ್ಟಿಕ್ ಬಿಟ್ಟಿರಲಿಲ್ಲ, ಚೆಂಡುಗಳಿಗಾಗಲೇ ಮೈದಾನದ ಕೆರೆಯ ದಾರಿ ಬಾಯಿಪಾಠವಾಗಿತ್ತು. ರಾಯರು ಎಂದಿನಂತೆ ಒಬ್ಬರೇ. ಆರು ಕುಳಿ ಸರಾಗವಾಗಿ ಮುಗಿದವು. ಎರಡನೆಯ ಕುಳಿಯಲ್ಲಿ ಹಂಪಮ್ಮ ತೋರಿಸಿದ ಗೆರೆ ಹಿಡಿದು ಹತ್ತು ಮಾರು ದೂರದ ಚೆಂಡನ್ನು ಒಂದೇ ತಳ್ಳಿಗೆ ಕುಳಿಗೆ ಬೀಳಿಸಿ, "ಭಲೆ!" ಅಂದರು. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ಏಳನೆಯದಕ್ಕೆ ಕ್ಯಾಡಿ ಮುಂದೆ ಹೋಗಿ ಮರದ ಹತ್ತಿರ ನಿಲ್ಲುವುದು ರೂಢಿ, ಹೊಡೆಯುವ ಜಾಗದಿಂದ ತಿರುವಿನಾಚೆ ಕಾಣುವುದಿಲ್ಲ. ಹಂಪಮ್ಮ ಹೋಗಿ ನಿಂತಳು. ಚೆಂಡು ತಲೆಯ ಮೇಲೆ ಹಾದು, ಎಂದಿನಂತೆ ಬಲಕ್ಕೆ ವಾಲಿ, ಹುಲ್ಲಿನಲ್ಲಿ ಮುಳುಗಿತು. ಕಣ್ಣಿಗೆ ಕಾಣಲಿಲ್ಲ. ಕಳೆ ಕೀಳುವಾಗ ಹುಲ್ಲಿನೊಳಗಿನ ಕಲ್ಲನ್ನು ಬರಿಗಾಲಿನಿಂದಲೇ ತಡಕಿ ಅಭ್ಯಾಸವಾದವಳು. ಬಲಗಾಲಿನ ಬೂಟು ಬಿಚ್ಚಿ ಹೆಬ್ಬೆರಳಿನಿಂದ ತಡಕಿದಳು. ನಾಲ್ಕನೆಯ ಹೆಜ್ಜೆಗೆ ಸಿಕ್ಕಿತು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಚೆಂಡು ತಾನೇ ಬಂದು ಕೂತಿತು.

ಎದುರಿಗೆ ಎರಡು ಗೇಣು ದೂರದಲ್ಲಿ ಆ ಬೋಳು ಜಾಗ. ಅಲ್ಲಿ ಅವಳೇ ಎರಡು ಸಲ ಹುಲ್ಲಿನ ಬೀಜ ಹಾಕಿದ್ದಳು. ಮೊಳೆತದ್ದು ವಾರದೊಳಗೆ ಕೆರೆದುಹೋಗುತ್ತಿತ್ತು. "ಬಿಡ, ಅಲ್ಲಿ ಕೆಳಗ ಕಲ್ಲೈತಿ" ಎಂದಿದ್ದ ಅಂಬಣ್ಣ. ಭಾನುವಾರ ಮನೆಗೆ ಬಂದವನ ಬಲಗಾಲಿನ ಹೆಬ್ಬೆರಳ ಉಗುರು ಯಾವಾಗಲೂ ಹಸಿರು. ಉಪ್ಪುನೀರಿನಲ್ಲಿ ತಿಕ್ಕುತ್ತ ಅವಳು ಬೈದರೆ, ಬೂಟು ಕಡಿಯುತ್ತೆ, ಏಳನೆಯದರಲ್ಲಿ ಬಿಚ್ಚುತ್ತೀನಿ, ಸಾಹೇಬರಿಗೂ ಹೇಳಿದ್ದೀನಿ ಅನ್ನುತ್ತಿದ್ದ.

ಹಂಪಮ್ಮ ತನ್ನ ಕಾಲು ನೋಡಿದಳು, ಬೋಳು ಜಾಗ ನೋಡಿದಳು. ಹನ್ನೆರಡು ವರ್ಷ! ಕೇಳಿದರಷ್ಟೇ ಬಾಯಿ ಬಿಡಬೇಕಾದ ಮನುಷ್ಯ ಬಾಯಿ ಬಿಡದೆಯೇ ಹೆಬ್ಬೆರಳಿನಿಂದ ಸಾಹೇಬರನ್ನು ಮೈದಾನದಲ್ಲಿ ಉಳಿಸಿಕೊಂಡಿದ್ದ. ಹೆಂಡತಿ ಹೋದ ಗಂಡಸು ಮನೆಯಲ್ಲಿ ಕೂತು ಕೆಡಬಾರದೆಂದು.

ಈಗ ಬರೀ ಒಂದು ತಳ್ಳು. ಎರಡು ಗೇಣು. ಸಾಹೇಬರು ಬಂದು, ನೋಡಿದೆಯಾ, ನನ್ನ ದೆಸೆ ತಿರುಗಿತು ಅನ್ನುತ್ತಾರೆ. ಬಿಲ್ಲೆ ಬರುತ್ತದೆ, ಖೋಲಿ ಉಳಿಯುತ್ತದೆ. ಚೆಂಡು ಬೆರಳ ಸಂದಿಯಲ್ಲಿ ತಣ್ಣಗಿತ್ತು.

"ಸಿಕ್ತೇನು ಹಂಪಮ್ಮ?" ಮರದಾಚೆಯಿಂದ ರಾಯರ ದನಿ.

ಅವನು ಮಾಡಿದ್ದು ಸಾಹೇಬರಿಗಾಗಿ. ತಾನು ಮಾಡಿದರೆ ಬಿಲ್ಲೆಗಾಗಿ. ಇಷ್ಟು ವ್ಯತ್ಯಾಸ ತಿಳಿಯಲು ಶಾಲೆ ಕಲಿತಿರಬೇಕಾಗಿರಲಿಲ್ಲ. ಹಂಪಮ್ಮ ಬೆರಳು ಬಿಡಿಸಿ ಕಾಲು ಹಿಂದಕ್ಕೆಳೆದುಕೊಂಡಳು.

"ಸಿಕ್ತ್ರಿ ಸಾಹೇಬ್ರ. ಹುಲ್ಲಾಗ ಐತ್ರಿ."

ರಾಯರು ಬಂದು ಚೆಂಡು ನೋಡಿ ಮುಖ ಸಣ್ಣ ಮಾಡಿದರು. ಆಮೇಲೆ ಅವರ ಕಣ್ಣು ಅವಳ ಬರಿಗಾಲಿನ ಮೇಲೆ ನಿಂತಿತು. ಅಲ್ಲಿಂದ ಕಳಚಿಟ್ಟ ಬೂಟಿಗೆ, ಬೂಟಿನಿಂದ ಬೋಳು ಜಾಗಕ್ಕೆ ಹೋಯಿತು. ಮೂವತ್ತನಾಲ್ಕು ವರ್ಷ ತಪ್ಪು ಹುಡುಕಿದ ಕಣ್ಣು, ಹನ್ನೆರಡು ವರ್ಷ ತಡವಾಗಿಯಾದರೂ ಕೆಲಸ ಮಾಡಿತು.

"ಅಂಬಣ್ಣಗ ಬಲಗಾಲ ಬೂಟು ಖರೇನ ಕಡೀತಿತ್ತೇನು?"

ಹೌದೆನ್ನಬಹುದಿತ್ತು. "ಇಲ್ರಿ" ಎಂದಳು ಹಂಪಮ್ಮ.

ರಾಯರು ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಂಡರು, ಅದರಲ್ಲೇ ಕಣ್ಣನ್ನೂ ಒರೆಸಿಕೊಂಡರು. "ನನಗ ಹುಲ್ಲಿನಾಗಿಂದ ಹೊಡಿಯೂದೊಂದು ಕಲಿಸಲಿಲ್ಲ ನೋಡು, ಹುಚ್ಚಪ್ಪ" ಎಂದರು ಕೊನೆಗೆ. "ಹೇಳು, ಈಗ ಏನ ಮಾಡ್ಲಿ?"

ಕೇಳಿದ್ದರಿಂದ ಅವಳು ಬಾಯಿ ಬಿಟ್ಟಳು. "ಶೂರತನ ಬ್ಯಾಡ್ರಿ. ಗಿಡ್ಡ ಕೋಲು ತಗೋರಿ. ಅಡ್ಡಕ್ಕ ಹೊಡದು ದಾರಿಗೆ ಬರ್ರಿ."

ಮಾತು ಅವಳ ಬಾಯಿಂದ ಬಂತು, ದನಿ ಮಾತ್ರ ಅವನದೇ ಅನ್ನಿಸಿತು ಇಬ್ಬರಿಗೂ. ರಾಯರು ಗಿಡ್ಡ ಕೋಲು ಹಿಡಿದು ಅಡ್ಡಕ್ಕೆ ಹೊಡೆದರು. ಚೆಂಡು ಚಿಮ್ಮಿ ಎರಡು ಸಲ ಪುಟಿದು ದಾರಿಯ ನಡುವೆ ನಿಂತಿತು.

"ಒಂದು ಹೊಡೆತ ಹೋತು."

"ಮಾನ ಉಳೀತ್ರಿ."

ರಾಯರು ನಕ್ಕರು. "ಬಿಲ್ಲೆ ನಿಂದ ಹಂಪಮ್ಮ, ಸಾಯಿಕುಮಾರಗ ನಾ ಹೇಳ್ತೀನಿ. ಬೂಟು ಹಾಕ್ಕೋ." ಎರಡು ಹೆಜ್ಜೆ ಹೋದವರು ತಿರುಗಿ, "ಆ ಬೋಳು ಜಾಗ ಮುಚ್ಚಿಬಿಡು. ಇನ್ನ ಅದರ ಜರೂರಿ ಇಲ್ಲ" ಎಂದರು.

ಕಿತ್ತ ನೆಲ ಮುಚ್ಚಲು ಕ್ಯಾಡಿಯ ಸೊಂಟದಲ್ಲಿ ಹುಲ್ಲಿನ ಬೀಜ ಬೆರೆಸಿದ ಮಣ್ಣಿನ ಚೀಲವಿರುತ್ತದೆ. ಹಂಪಮ್ಮ ಮೊಣಕಾಲೂರಿ ಕೂತಳು. ಹತ್ತಿರದಿಂದ ನೋಡಿದರೆ ನೆಲದ ತುಂಬ ಕಾಲ್ಬೆರಳಿನಿಂದ ಗೀರಿದ ಗೆರೆಗಳು. ಮೂರು ತಿಂಗಳಲ್ಲಿ ಮಳೆಯೂ ಬಿದ್ದಿರಲಿಲ್ಲ, ಹಾಗೇ ಇದ್ದವು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಆ ಗೆರೆಗಳ ಮೇಲೆ ಹಾಕಿದಳು.

ಎರಡನೆಯ ಹಿಡಿಗೆ ಕೈ ಏಳಲಿಲ್ಲ. ಮುಷ್ಟಿಯಲ್ಲಿ ಮಣ್ಣು ಹಿಡಿದಂತೆಯೇ ಅಂಗಾಲಿನಿಂದ ಶುರುವಾಗಿ ಮೈಯೆಲ್ಲ ಚುಚ್ಚತೊಡಗಿತು. ಜೋಮು ಬಿಡುವಾಗಿನ ನೋವು ಜೋಮು ಹಿಡಿದದ್ದಕ್ಕಿಂತ ಕೆಟ್ಟದ್ದು. "ನನ್ನ ಗಂಡಾ..." ಎಂದು ಅವಳು ಬಾಯಿ ತೆಗೆದು ಅತ್ತಳು, ಊರಲ್ಲಿ ಅಳಬೇಕಾದಂತೆ, ನೆಲಕ್ಕೆ ಹಣೆ ಹಚ್ಚಿ.

ಹಿಂದಿನ ಹುಡುಗರು ತಿರುವಿಗೆ ಬಂದು ಕಾದು ಬೇಸತ್ತಿದ್ದರು. "ಅಂಕಲ್! ಕಿತ್ನಾ ಟೈಮ್?" ಎಂದು ಒಬ್ಬ ಕೂಗಿದ.

ಶ್ರೀನಿವಾಸರಾಯರು ದಾರಿಯ ನಡುವೆ ಹೋಗಿ ಅವರಿಗೆ ಎದುರಾಗಿ ನಿಂತು ಕೈ ಮೇಲೆತ್ತಿದರು. "ಠಹರೋ" ಎಂದರು. ಅವಳು ಕಣ್ಣೊರೆಸಿಕೊಂಡು ಉಳಿದ ಮಣ್ಣು ಹಾಕಿ, ಬರಿಗಾಲಿನಿಂದ ಮೆಲ್ಲಗೆ ಅದುಮಿ, ಬೂಟು ಹಾಕಿಕೊಳ್ಳುವವರೆಗೂ ಆ ಕೈ ಇಳಿಸಲಿಲ್ಲ.